ಹನ್ನೊಂದು ಕವಿತೆ, ಹನ್ನೊಂದು ಹಳ್ಳಿಹಾಡು

ಸತ್ತ ಯುವಕನೊಬ್ಬ ಬದುಕಿರುವ ಗೆಳೆಯನನ್ನು ಮಾತಾಡಿಸುತ್ತಾನೆ. ತಾನು ಹೂಡುತ್ತಿದ್ದ ಕುದುರೆಗಳ ಬಗ್ಗೆ ಕೇಳುತ್ತಾನೆ, ಊರ ಹುಡುಗರ ಫುಟ್‌ಬಾಲ್ ಬಗ್ಗೆ ಕೇಳುತ್ತಾನೆ, ಬಿಟ್ಟುಬಂದ ಹುಡುಗಿಯ ಬಗ್ಗೆ ಕೇಳುತ್ತಾನೆ. ಕೊನೆಗೆ ಗೆಳೆಯನ ಯೋಗಕ್ಷೇಮ ವಿಚಾರಿಸುತ್ತಾನೆ. ಎಲ್ಲವೂ ಚೆನ್ನಾಗಿಯೇ ಇದೆ ಎಂಬುದು ಗೆಳೆಯನ ಉತ್ತರ. ಆ ಹುಡುಗಿಗೆ ಈಗ ಆಸರೆಯಾಗಿರುವವನು ಯಾರು ಎಂಬುದು ಮಾತ್ರ ಕೇಳುಗನಿಗೆ ತಾನಾಗಿಯೇ ಹೊಳೆಯಬೇಕು.

ಎ. ಇ. ಹೌಸ್‌ಮನ್ ಬರೆದ ಈ ಕವಿತೆಯನ್ನು ಜಾರ್ಜ್ ಬಟರ್‌ವರ್ತ್ ಹಾಡಾಗಿಸಿದ್ದು ಒಂದು ಕಂಠ ಮತ್ತು ಒಂದು ಪಿಯಾನೊಕ್ಕಾಗಿ. ಸತ್ತವನ ಸರದಿ ಬಂದಾಗ ದನಿ ಎತ್ತರದಲ್ಲಿ ತೆಳ್ಳಗೆ ಹುಟ್ಟಿ ಇಳಿಯುತ್ತದೆ. ಅದರಡಿಯಲ್ಲಿ ಪಿಯಾನೊದ ಸ್ವರಗುಚ್ಛಗಳೂ ಒಂದರ ಹಿಂದೊಂದು ಮೆಲ್ಲಗೆ ಇಳಿಯುತ್ತವೆ. ಬದುಕಿರುವವನ ಸರದಿಯಲ್ಲಿ ಅದೇ ಗಾಯಕ ನೆಲಕ್ಕೆ ಕಾಲೂರಿ ನಿಂತವನ ಹಾಗೆ ತುಂಬುಗಂಠದಲ್ಲಿ ಹಾಡುತ್ತಾನೆ. ವೇಷ ಬದಲಾಗುವುದಿಲ್ಲ, ಗಾಯಕ ಬದಲಾಗುವುದಿಲ್ಲ. ಆದರೂ ವೇದಿಕೆಯ ಮೇಲೆ ಇಬ್ಬರು ನಿಂತಿದ್ದಾರೆ ಎನ್ನುವುದರಲ್ಲಿ ಸಂಶಯ ಉಳಿಯದು. ಮುಗಿಯುವ ಹೊತ್ತಿಗೆ ಪಿಯಾನೊ ಸತ್ತವನ ಸ್ವರಗುಚ್ಛಗಳಿಗೆ ಮರಳಿ, ಷಡ್ಜಕ್ಕೆ ಬಂದು ಕೂರದೆ, ಅರ್ಧದಲ್ಲೇ ನಿಂತುಬಿಡುತ್ತದೆ. ಇಷ್ಟೆಲ್ಲ ನಡೆಯುವುದು ಸುಮಾರು ನಾಲ್ಕು ನಿಮಿಷದಲ್ಲಿ.

ಇದು 1911ರ ಹಾಡು. ಬಟರ್‌ವರ್ತನಿಗೆ ಆಗ 25 ದಾಟಿತ್ತು. ಐದು ವರ್ಷದ ನಂತರ ಅವನು ಫ್ರಾನ್ಸಿನ ಸೊಮ್ ರಣರಂಗದಲ್ಲಿ ಸತ್ತ. ಹೀಗಾಗಿ ಅವನ ಹಾಡುಗಳನ್ನೆಲ್ಲ ಯುದ್ಧದ ಮುನ್ಸೂಚನೆ ಎಂಬಂತೆ ಕೇಳುವುದು ರೂಢಿಯಾಗಿಬಿಟ್ಟಿದೆ. ಆ ರೂಢಿಯಿಂದ ಅವನಿಗೆ ಅನ್ಯಾಯವಾಗಿದೆ. ಸಾವು ಅವನ ಸಂಗೀತವನ್ನು ಮಾಡಲಿಲ್ಲ. ಸಸೆಕ್ಸ್ ಹಳ್ಳಿಗಳ ಮುದುಕ ಮುದುಕಿಯರು ಬರಿಗಂಠದಲ್ಲಿ ಹಾಡಿದ್ದನ್ನು ವರ್ಷಗಟ್ಟಲೆ ಕೂತು ಕೇಳಿದ ಕಿವಿ ಅದನ್ನು ಮಾಡಿತು.

ಮೊದಲು ಕವಿಯ ವಿಷಯ. ಹೌಸ್‌ಮನ್ 1859ರಲ್ಲಿ ಹುಟ್ಟಿದ್ದು ವೂಸ್ಟರ್‌ಶೈರಿನಲ್ಲಿ. ಆಕ್ಸ್‌ಫರ್ಡಿನ ಕೊನೆಯ ಪರೀಕ್ಷೆಯಲ್ಲಿ ನಪಾಸಾಗಿ, ಲಂಡನ್ನಿನ ಪೇಟೆಂಟ್ ಕಚೇರಿಯಲ್ಲಿ ಹತ್ತು ವರ್ಷ ಗುಮಾಸ್ತಿಕೆ ಮಾಡುತ್ತಲೇ ವಿದ್ವಾಂಸನೆಂದು ಹೆಸರು ಗಳಿಸಿ, 1892ರಲ್ಲಿ ಯೂನಿವರ್ಸಿಟಿ ಕಾಲೇಜಿನ ಲ್ಯಾಟಿನ್ ಪ್ರಾಧ್ಯಾಪಕನಾದವನು. 1896ರಲ್ಲಿ ‘ಎ ಶ್ರಾಪ್‌ಶೈರ್ ಲ್ಯಾಡ್’ ಎಂಬ 63 ಕವಿತೆಗಳ ಪುಟ್ಟ ಪುಸ್ತಕವನ್ನು ಸ್ವಂತ ಖರ್ಚಿನಲ್ಲಿ ಹೊರತಂದ. ಮೊದಲ ಮುದ್ರಣ 500 ಪ್ರತಿ. ಆರಂಭದಲ್ಲಿ ಕೇಳುವವರು ಕಡಿಮೆ ಇದ್ದರು. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಅದೇ ಪುಸ್ತಕ ತರುಣರ ಜೇಬಿಗೆ ಸೇರಿತು.

ಶ್ರಾಪ್‌ಶೈರ್ ಹೌಸ್‌ಮನ್ನನ ಊರಲ್ಲ. ಅವನು ಹುಟ್ಟಿ ಬೆಳೆದ ಕಡೆಯಿಂದ ನೋಡಿದರೆ ಪಶ್ಚಿಮದ ದಿಗಂತದಲ್ಲಿ ಕಾಣುವ ಗುಡ್ಡಸಾಲು ಅದು, ಸೂರ್ಯ ಮುಳುಗುವ ದಿಕ್ಕು. ಪುಸ್ತಕದ ಬಹುಪಾಲು ಹುಟ್ಟಿದ್ದು ಲಂಡನ್ನಿನ ಹೈಗೇಟ್‌ನಲ್ಲಿ. ಒಂದು ಕವಿತೆಯಲ್ಲಿ ಹ್ಯೂಲಿ ಎಂಬ ಹಳ್ಳಿಯ ಚರ್ಚಿನ ಗೋಪುರ ದೂರದ ಹೆಗ್ಗುರುತಾಗಿ ಬರುತ್ತದೆ. ತಮ್ಮ ಲಾರೆನ್ಸ್ ಅಲ್ಲಿಗೆ ಹೋಗಿ ನೋಡಿದರೆ ಚರ್ಚು ತಗ್ಗಿನಲ್ಲಿತ್ತು, ಅಂಥ ಗೋಪುರವೇ ಇರಲಿಲ್ಲ. ಹೌಸ್‌ಮನ್ನನ ಶ್ರಾಪ್‌ಶೈರ್ ಅವನದೇ ಸೃಷ್ಟಿ. ಊರಿನ ಹೆಸರುಗಳಷ್ಟೇ ನಿಜ.

ಕವಿತೆಗಳ ಅಚ್ಚು ಮಾತ್ರ ಬಹಳ ಹಳೆಯದು. ಷೇಕ್ಸ್‌ಪಿಯರನ ನಾಟಕಗಳಲ್ಲಿ ಬರುವ ಹಾಡುಗಳು, ಸ್ಕಾಟ್ಲೆಂಡಿನ ಗಡಿನಾಡಿನ ಲಾವಣಿಗಳು, ಜರ್ಮನ್ ಕವಿ ಹೈನೆ, ಈ ಮೂರನ್ನೂ ತನ್ನ ಮೂಲವೆಂದು ಹೌಸ್‌ಮನ್ ಹೇಳಿಕೊಂಡಿದ್ದಾನೆ. ನಾಲ್ಕು ಸಾಲಿನ ನುಡಿಗಳು, ಪುಟ್ಟ ಪುಟ್ಟ ಪದಗಳು, ಪ್ರೀತಿ, ಜಾತ್ರೆ, ಗಲ್ಲು, ಸೈನ್ಯಕ್ಕೆ ಸೇರುವ ಹುಡುಗರು. ಓದಿದರೆ ಯಾರೋ ಹಾಡಿದ್ದನ್ನು ಬರೆದಿಟ್ಟ ಹಾಗಿದೆ. ಆ ಹಾಡುವವನು ಮಾತ್ರ ಅಲ್ಲಿಲ್ಲ. ವಿದ್ವಾಂಸನೊಬ್ಬ ತನ್ನ ಕೋಣೆಯಲ್ಲಿ ಕೂತು ಕಟ್ಟಿದ ಜನಪದ ಅದು. ಅದಕ್ಕೊಂದು ನಿಜವಾದ ಕೊರಳು ಬೇಕಿತ್ತು.

ಆ ಕೊರಳುಗಳು ಅದೇ ವರ್ಷಗಳಲ್ಲಿ ಇಂಗ್ಲೆಂಡಿನ ಹಳ್ಳಿಗಳಲ್ಲಿ ಒಂದೊಂದಾಗಿ ಆರಿಹೋಗುತ್ತಿದ್ದವು. 1898ರಲ್ಲಿ ಲಂಡನ್ನಿನಲ್ಲಿ ಜನಪದ ಗೀತ ಸಂಘ ಹುಟ್ಟಿತು. 1903ರಲ್ಲಿ ಸೆಸಿಲ್ ಶಾರ್ಪ್ ಎಂಬ ಸಂಗೀತದ ಮೇಷ್ಟ್ರು ಸಾಮರ್‌ಸೆಟ್‌ನ ಹ್ಯಾಂಬ್ರಿಜ್‌ನಲ್ಲಿ ಪಾದ್ರಿಯ ಮನೆಗೆ ಹೋಗಿದ್ದಾಗ ಅಲ್ಲಿನ ತೋಟದ ಮಾಲಿ ಜಾನ್ ಇಂಗ್ಲೆಂಡ್ ಹುಲ್ಲು ಕತ್ತರಿಸುತ್ತ ‘ದಿ ಸೀಡ್ಸ್ ಆಫ್ ಲವ್’ ಹಾಡುವುದನ್ನು ಕೇಳಿದ. ಶಾರ್ಪ್ ತನ್ನ ಮುಂದಿನ ಆಯುಷ್ಯವನ್ನೆಲ್ಲ ಹಾಡು ಹುಡುಕುವುದರಲ್ಲಿ ಕಳೆದದ್ದು ಅಲ್ಲಿಂದ. ಅದೇ ವರ್ಷದ ಡಿಸೆಂಬರಿನಲ್ಲಿ ಸಂಯೋಜಕ ರಾಲ್ಫ್ ವಾನ್ ವಿಲಿಯಮ್ಸ್ ಎಸೆಕ್ಸ್‌ನ ಇಂಗ್ರೇವ್‌ನಲ್ಲಿ ಚಾರ್ಲ್ಸ್ ಪಾಟಿಫರ್ ಎಂಬ ವೃದ್ಧ ಕೂಲಿಯ ಬಾಯಿಂದ ‘ಬುಷಸ್ ಅಂಡ್ ಬ್ರಯರ್ಸ್’ ಕೇಳಿದ. ಜೀವಮಾನವೆಲ್ಲ ಗೊತ್ತಿದ್ದ ಹಾಡೇ ಇದು ಎಂಬ ಭಾವ ಅವನಿಗೆ ಬಂತಂತೆ. ಜನರ ಬಾಯಿಂದ ಹಾಡು ಬರೆದುಕೊಳ್ಳುವ ಆಸಕ್ತಿ ಆ ಕಾಲದ ಇಂಗ್ಲಿಷರಲ್ಲಿ ಅವರ ನಾಡಿನಾಚೆಗೂ ಚಾಚಿತ್ತು. ಉತ್ತರ ಕರ್ನಾಟಕದ ಶಾಸನಗಳನ್ನು ಓದಿದ ಜೆ. ಎಫ್. ಫ್ಲೀಟ್ ಕನ್ನಡದ ಲಾವಣಿಗಳನ್ನು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸತೊಡಗಿದ್ದು 1885ರಲ್ಲಿ, ಬಟರ್‌ವರ್ತ್ ಹುಟ್ಟಿದ ವರ್ಷ.

ಆ ವರ್ಷದ ಜುಲೈ 12ರಂದು ಲಂಡನ್ನಿನ ಪ್ಯಾಡಿಂಗ್ಟನ್ನಿನಲ್ಲಿ ಹುಟ್ಟಿದ ಜಾರ್ಜ್‌ಗೆ ಹಳ್ಳಿಯ ನಂಟು ಏನೂ ಇರಲಿಲ್ಲ. ತಂದೆ ಅಲೆಗ್ಸಾಂಡರ್ ನಾರ್ತ್ ಈಸ್ಟರ್ನ್ ರೈಲ್ವೆಯ ಜನರಲ್ ಮ್ಯಾನೇಜರ್ ಆಗಿ ಮುಂದೆ ಸರ್ ಪದವಿ ಪಡೆದ ಗಣ್ಯರು. ತಾಯಿ ಜೂಲಿಯಾ ಮದುವೆಗೆ ಮುಂಚೆ ಗಾಯಕಿ. ಮಗನಿಗೆ ಸಂಗೀತದ ಮೊದಲ ಪಾಠ ಅವಳದೇ. ಬಾಲ್ಯ ಯಾರ್ಕ್‌ನಲ್ಲಿ, ಓದು ಈಟನ್‌ನಲ್ಲಿ, 1904ರಿಂದ ಆಕ್ಸ್‌ಫರ್ಡಿನ ಟ್ರಿನಿಟಿ ಕಾಲೇಜಿನಲ್ಲಿ. ಮಗ ವಕೀಲನಾಗಬೇಕೆಂಬುದು ತಂದೆಯ ಆಸೆ. ಆಕ್ಸ್‌ಫರ್ಡ್ ಅದನ್ನು ಕೆಡಿಸಿತು. ಅಲ್ಲಿ ಅವನು ವಿಶ್ವವಿದ್ಯಾಲಯದ ಸಂಗೀತ ಕ್ಲಬ್ಬಿನ ಅಧ್ಯಕ್ಷನಾದ, ಶಾರ್ಪ್ ಮತ್ತು ವಾನ್ ವಿಲಿಯಮ್ಸರ ಬಳಗಕ್ಕೆ ಬಿದ್ದ, 1906ರಿಂದ ಜನಪದ ಗೀತ ಸಂಘದ ಕೆಲಸಕ್ಕೆ ಇಳಿದ.

ಹಾಡು ಸಂಗ್ರಹಿಸುವ ಕೆಲಸಕ್ಕೆ ಮುಖ್ಯವಾಗಿ ಬೇಕಿದ್ದದ್ದು ತಾಳ್ಮೆ. ಹಾಡು ಬಲ್ಲವರು ಬಹುತೇಕ ಅರವತ್ತು ಎಪ್ಪತ್ತು ದಾಟಿದವರು. ಅವರು ಸಿಗುತ್ತಿದ್ದದ್ದು ಗುಡಿಸಲುಗಳಲ್ಲಿ, ಹೆಂಡದಂಗಡಿಗಳಲ್ಲಿ, ಬಡವರನ್ನು ಇರಿಸುತ್ತಿದ್ದ ಅನಾಥಾಲಯಗಳಲ್ಲಿ. ಸಂಗೀತಗಾರ ಪರ್ಸಿ ಗ್ರೇಂಜರ್ 1906ರಲ್ಲಿ ಲಿಂಕನ್‌ಶೈರ್‌ಗೆ ಫೋನೊಗ್ರಾಫ್ ಯಂತ್ರ ಒಯ್ದು ಮೇಣದ ಉರುಳೆಗಳಲ್ಲಿ ದನಿ ಹಿಡಿದ. ಉಳಿದವರಲ್ಲಿ ಹೆಚ್ಚಿನವರಿಗೆ ಕಿವಿ, ಪೆನ್ಸಿಲ್ ಮತ್ತು ಕಾಗದವೇ ಗತಿ. ಹತ್ತು ಹನ್ನೆರಡು ನುಡಿಯ ಹಾಡನ್ನು ಮುದುಕ ಒಂದೇ ಮಟ್ಟಿನಲ್ಲಿ ಹಾಡುತ್ತ ಹೋಗುತ್ತಾನೆ. ಆದರೆ ಗಮನವಿಟ್ಟು ಕೇಳಿದರೆ ಮಟ್ಟು ಪ್ರತಿ ನುಡಿಯಲ್ಲೂ ಕೂದಲೆಳೆಯಷ್ಟು ಬದಲಾಗುತ್ತಿರುತ್ತದೆ. ಒಂದೆಡೆ ಸ್ವರವೊಂದು ಜಾರುತ್ತದೆ, ಇನ್ನೊಂದೆಡೆ ಪದದ ಭಾರಕ್ಕೆ ಲಯ ಬಾಗುತ್ತದೆ. ಕೊಲೆಯ ಸಂಗತಿಯನ್ನೂ ಅವನು ಮುಖದ ಗೆರೆ ಕದಲಿಸದೆ ಹಾಡುತ್ತಾನೆ. ಪಕ್ಕವಾದ್ಯವಿಲ್ಲ. ದನಿ ಏರಿಸಿ ಇಳಿಸಿ ಅಳಿಸುವ ಉಪಾಯಗಳಿಲ್ಲ. ಕಥೆ ತನ್ನ ಕೆಲಸ ತಾನೇ ಮಾಡಿಕೊಳ್ಳಲಿ ಎಂದು ಬಿಟ್ಟುಬಿಡುತ್ತಾನೆ.

ಈ ಮಟ್ಟುಗಳು ನಗರದ ಸಂಗೀತಗಾರರನ್ನು ಬೆರಗುಗೊಳಿಸಿದ್ದು ಇನ್ನೊಂದು ಕಾರಣಕ್ಕೆ. ಯುರೋಪಿನ ಶಿಷ್ಟ ಸಂಗೀತ ಆ ಹೊತ್ತಿಗೆ ಮೇಜರ್, ಮೈನರ್ ಎಂಬ ಎರಡೇ ಸ್ವರಶ್ರೇಣಿಗಳಲ್ಲಿ ನಡೆದು ಮುನ್ನೂರು ವರ್ಷವಾಗಿತ್ತು. ಹಳ್ಳಿಗರ ಕೊರಳಲ್ಲಿ ಡೋರಿಯನ್, ಮಿಕ್ಸೊಲಿಡಿಯನ್, ಇಯೋಲಿಯನ್ ಎಂಬ ಹಳೆಯ ಶ್ರೇಣಿಗಳು ಬದುಕಿದ್ದವು. ಸ್ವರಸ್ಥಾನಗಳ ಮಟ್ಟಿಗೆ ಹೇಳುವುದಾದರೆ ಇವು ನಮ್ಮ ಖರಹರಪ್ರಿಯ, ಹರಿಕಾಂಭೋಜಿ, ನಟಭೈರವಿ. ಗಮಕವಾಗಲಿ ಸಂಚಾರವಾಗಲಿ ಬೇರೆ, ಸ್ವರಗಳ ಮನೆ ಮಾತ್ರ ಅದೇ. ಪಿಯಾನೊದ ಸಾಂಪ್ರದಾಯಿಕ ಸ್ವರಗುಚ್ಛಗಳನ್ನು ಇವುಗಳ ಕೆಳಗೆ ಇಟ್ಟರೆ ಮಟ್ಟು ಉಸಿರುಗಟ್ಟುತ್ತದೆ. ಹಾಡಿಗೆ ಪಿಯಾನೊ ಜೋಡಿಸಿ ಅಚ್ಚು ಹಾಕಬೇಕೆಂದು ಹೊರಟವರೆಲ್ಲ ಎದುರಿಸಿದ ತೊಡಕು ಇದು.

ಬಟರ್‌ವರ್ತ್ ಒಟ್ಟಾರೆ 450ಕ್ಕೂ ಹೆಚ್ಚು ಹಾಡು, ಕುಣಿತದ ಮಟ್ಟು ಮತ್ತು ಕುಣಿತಗಳನ್ನು ಸಂಗ್ರಹಿಸಿದ. ಅದರಲ್ಲಿ 300ಕ್ಕೂ ಹೆಚ್ಚು ಹಾಡುಗಳು. ಹೆಚ್ಚಿನ ಅಲೆದಾಟ ಸಸೆಕ್ಸ್‌ನಲ್ಲಿ, ಗೆಳೆಯ ಫ್ರಾನ್ಸಿಸ್ ಜೆಕಿಲ್ ಜೊತೆ. ನಾರ್ಫಕ್‌ಗೆ ವಾನ್ ವಿಲಿಯಮ್ಸ್ ಜೊತೆ ಹೋದ. ಇಷ್ಟು ದೊಡ್ಡ ರಾಶಿಯಿಂದ ಪಿಯಾನೊ ಜೋಡಿಸಿ ಪ್ರಕಟಿಸಿದ್ದು ಹನ್ನೊಂದೇ ಹಾಡು: ‘ಸಸೆಕ್ಸ್‌ನ ಜನಪದ ಗೀತೆಗಳು’. ಕಮ್ಮಾರನ ಪ್ರೇಮಕ್ಕೆ ಸಿಲುಕಿದ ಹುಡುಗಿ, ಹಾಲು ಕರೆಯಲು ಹೊರಟವಳನ್ನು ದಾರಿಯಲ್ಲಿ ತಡೆದು ಮಾತಾಡಿಸುವವನು, ನಾವಿಕನನ್ನೇ ಮದುವೆಯಾಗುತ್ತೇನೆಂದು ತಾಯಿಯೆದುರು ಹಟ ಹಿಡಿದವಳು, ಕೋಗಿಲೆಯ ಹಾಡು, ಅಗಲಿಕೆಯ ಹಾಡು. ಇಲ್ಲಿ ಪಿಯಾನೊ ಬಹಳ ಹೊತ್ತು ಹಿಂದೆ ನಿಲ್ಲುತ್ತದೆ. ನುಡಿಯಿಂದ ನುಡಿಗೆ ಒಂದಿಷ್ಟು ಬದಲಾದರೂ ಹಾಡುವವನ ಮೇಲೆ ಬೀಳುವುದಿಲ್ಲ. ಹಾಡಿನ ಮಾತುಗಳಿಗೆ ಮಾತ್ರ ಇಂಥ ಗೌರವ ಎಲ್ಲರಿಂದಲೂ ಸಿಗಲಿಲ್ಲ. ಶಾರ್ಪ್ ತನ್ನ ಸಾಮರ್‌ಸೆಟ್ ಸಂಪುಟಗಳಲ್ಲಿ ಅಂದಿನ ಮರ್ಯಾದಸ್ಥ ಮನೆಗಳಿಗೆ ಒಗ್ಗಲೆಂದು ಕೆಲವು ಹಾಡುಗಳ ಪೋಲಿ ಮಾತುಗಳನ್ನು ತೊಳೆದುಬಿಟ್ಟಿದ್ದ. ಹಳ್ಳಿಗರ ಪ್ರೇಮದ ಒರಟು ನಗೆ ಎಷ್ಟೋ ಕಡೆ ಅಲ್ಲಿಗೇ ಮಾಯವಾಯಿತು. ಆ ಪೀಳಿಗೆಯ ಸಂಗ್ರಾಹಕರ ಮೇಲೆ ಮುಂದಿನ ವಿದ್ವಾಂಸರು ಹೊರಿಸಿದ ಆರೋಪಗಳಲ್ಲಿ ಇದು ನ್ಯಾಯವಾದದ್ದು.

ಈಗ ಕವಿತೆಗಳಿಗೆ ಬರಬಹುದು. ‘ಶ್ರಾಪ್‌ಶೈರ್ ಲ್ಯಾಡ್’ನಿಂದ ಬಟರ್‌ವರ್ತ್ ಆರಿಸಿದ್ದೂ ಹನ್ನೊಂದು. ಆರು ಹಾಡುಗಳ ಮೊದಲ ಗುಚ್ಛ 1911ರಲ್ಲಿ, ‘ಬ್ರೀಡನ್ ಹಿಲ್’ ಮೊದಲಾದ ಐದರ ಇನ್ನೊಂದು ಗುಚ್ಛ 1912ರಲ್ಲಿ ಅಚ್ಚಾದವು. 1911ರ ಮೇ ತಿಂಗಳಲ್ಲಿ ಆಕ್ಸ್‌ಫರ್ಡಿನ ಸಂಗೀತ ಕ್ಲಬ್ಬಿನಲ್ಲಿ ಇವುಗಳಲ್ಲಿ ಕೆಲವನ್ನು ಮೊದಲು ಹಾಡಿದವನು ಜೇಮ್ಸ್ ಕ್ಯಾಂಬೆಲ್ ಮ್ಯಾಕಿನಿಸ್ ಎಂಬ ಬ್ಯಾರಿಟೋನ್ ಗಾಯಕ.

ಮೊದಲ ಗುಚ್ಛದ ಮೊದಲ ಹಾಡು ಹೂಬಿಟ್ಟ ಚೆರಿ ಮರದ್ದು. ಇಪ್ಪತ್ತರ ಹುಡುಗ ತನಗೆ ಉಳಿದ ವಸಂತಗಳ ಲೆಕ್ಕ ಹಾಕಿಕೊಳ್ಳುವ ಕವಿತೆ. ಮಟ್ಟು ಎತ್ತರದ ಒಂದು ಸ್ವರದಲ್ಲಿ ತಂಗಿ ನಿಧಾನವಾಗಿ, ದಳ ಉದುರುವ ಹಾಗೆ, ಇಳಿದು ಬರುತ್ತದೆ. ಹಾಡು ಶುರುವಾದ ಎಷ್ಟೋ ಹೊತ್ತು ಪಿಯಾನೊ ಹೆಚ್ಚಿಗೆ ಏನೂ ಹೇಳುವುದಿಲ್ಲ.

ಎರಡನೆಯ ಹಾಡು, ವಿವೇಕಿಯೊಬ್ಬ ಕೊಟ್ಟ ಬುದ್ಧಿಮಾತನ್ನು ಕೇಳದೆ ಕೆಟ್ಟ ಹುಡುಗನದು. ಹನ್ನೊಂದರಲ್ಲಿ ನಿಜವಾದ ಜನಪದ ಮಟ್ಟನ್ನು ಬಟರ್‌ವರ್ತ್ ಬಳಸಿದ್ದು ಇಲ್ಲಿ ಮಾತ್ರ. ಮುದ್ರಿತ ಪುಟದಲ್ಲಿ ಅದನ್ನು ಸಾಂಪ್ರದಾಯಿಕ ಮಟ್ಟು ಎಂದು ಪ್ರಾಮಾಣಿಕವಾಗಿ ನಮೂದಿಸಿದ್ದಾನೆ. ಲ್ಯಾಟಿನ್ ಪ್ರಾಧ್ಯಾಪಕನ ಪದ್ಯ ಹಳ್ಳಿಗರ ಮಟ್ಟಿಗೆ ಎಲ್ಲೂ ಎಳೆಯದೆ, ಎಲ್ಲೂ ಮುದುಡದೆ ಕೂತುಬಿಟ್ಟಿದೆ. ಎರಡು ನುಡಿ, ಒಂದೇ ಮಟ್ಟು. ಪದ್ಯ ಅಲ್ಲಿಯೇ ಹುಟ್ಟಿತೇನೋ ಎನ್ನಿಸುತ್ತದೆ. ಉಳಿದ ಹತ್ತು ಹಾಡುಗಳ ಮಟ್ಟು ಬಟರ್‌ವರ್ತನದೇ ಆದರೂ ಅದೇ ನೆಲದಲ್ಲಿ ಬೆಳೆದದ್ದು. ಮೂರನೆಯದರಲ್ಲಿ ಐದು ಮಾತ್ರೆಯ ನಡೆ ಇದೆ. ಖಂಡ ನಡೆ ಗೊತ್ತಿದ್ದ ನಮಗೆ ಅದು ಸಹಜ. ಅಂದಿನ ಇಂಗ್ಲಿಷ್ ಗಾಯಕರಿಗೆ ಅದು ತುಸು ತೊಡಕಿನದು, ಹಳ್ಳಿಯ ಹಾಡುಗಾರರಿಗೆ ಮಾತ್ರ ಪರಿಚಿತವೇ.

ಐದನೆಯ ಹಾಡಿನ ಮುಂದೆ ಸ್ವಲ್ಪ ನಿಲ್ಲಬೇಕು. ಲಡ್‌ಲೋ ಪಟ್ಟಣದ ಜಾತ್ರೆಗೆ ನೂರಾರು ಹುಡುಗರು ಬರುತ್ತಾರೆ. ಅವರ ನಡುವೆ ಮುಪ್ಪು ಕಾಣದೆ ಹೋಗಲಿರುವವರೂ ಇದ್ದಾರೆ, ಯಾರೆಂದು ಗೊತ್ತಾದರೆ ಮಾತಾಡಿಸಿ ಕಳಿಸಬಹುದಿತ್ತು ಎಂಬುದು ಕವಿತೆಯ ಭಾವ. ಬೇರೆ ಯಾರೇ ಆಗಿದ್ದರೂ ಇಲ್ಲಿ ಶೋಕದ ಸ್ವರ ಹೂಡುತ್ತಿದ್ದರು. ಬಟರ್‌ವರ್ತ್ ತೂಗುವ ಲಯದ ಹಗುರ ಮಟ್ಟೊಂದನ್ನು ಕೊಟ್ಟು, ಪ್ರತಿ ನುಡಿಗೂ ಅದನ್ನೇ ಮರಳಿಸಿ, ಬಹುಪಾಲು ಮೆಲುದನಿಯಲ್ಲೇ ಹಾಡಿಸಿದ. ಹುಡುಗರು ನಗುತ್ತ ಜಾತ್ರೆಗೆ ನಡೆದುಹೋಗುತ್ತಾರೆ, ಅಷ್ಟೇ. ಮುಖದ ಗೆರೆ ಕದಲಿಸದೆ ಕೊಲೆಯ ಕಥೆ ಹಾಡುವ ಸಸೆಕ್ಸ್‌ನ ಮುದುಕನಿಂದಲ್ಲದೆ ಇನ್ನೆಲ್ಲಿಂದಲೂ ಈ ಸಂಯಮ ಅವನಿಗೆ ಬಂದಿರಲಾರದು. ಇಡೀ ಇಂಗ್ಲಿಷ್ ಗೀತಸಾಹಿತ್ಯದಲ್ಲಿ ಇಷ್ಟು ಕಡಿಮೆ ಸ್ವರಗಳಲ್ಲಿ ಇಷ್ಟು ದೂರ ಹೋದ ಹಾಡುಗಳು ಬೆರಳೆಣಿಕೆಯಷ್ಟು.

ಹೌಸ್‌ಮನ್ನನನ್ನು ಹಾಡಿಸಿದವರಲ್ಲಿ ಬಟರ್‌ವರ್ತ್ ಮೊದಲಿಗನಲ್ಲ. 1904ರಲ್ಲೇ ಆರ್ಥರ್ ಸಮರ್‌ವೆಲ್ ಹತ್ತು ಕವಿತೆಗಳನ್ನು ಒಂದು ಕಥೆಯ ಹಾಗೆ ಪೋಣಿಸಿದ್ದ. ವಾನ್ ವಿಲಿಯಮ್ಸ್ ಪ್ಯಾರಿಸ್ಸಿನಲ್ಲಿ ಸಂಯೋಜಕ ರವೆಲ್ ಬಳಿ ಮೂರು ತಿಂಗಳು ಪಾಠ ಹೇಳಿಸಿಕೊಂಡು ಬಂದು, ಟೆನರ್ ಕಂಠ, ಪಿಯಾನೊ ಮತ್ತು ನಾಲ್ಕು ತಂತಿವಾದ್ಯಗಳಿಗೆ ‘ಆನ್ ವೆನ್‌ಲಾಕ್ ಎಡ್ಜ್’ ಎಂಬ ಆರು ಹಾಡುಗಳನ್ನು 1909ರಲ್ಲಿ ಮುಗಿಸಿದ. ಅದರಲ್ಲೂ ಸತ್ತವನ ಮತ್ತು ಗೆಳೆಯನ ಸಂಭಾಷಣೆ ಇದೆ. ವಾನ್ ವಿಲಿಯಮ್ಸ್ ಅದನ್ನು ಬಿರುಗಾಳಿಯಂಥ ನಾಟಕ ಮಾಡಿದ. ಫುಟ್‌ಬಾಲಿನ ಎರಡು ನುಡಿಗಳನ್ನು ಕಿತ್ತುಹಾಕಿದ. ಕವಿಗೆ ಇದು ಗೊತ್ತಾಗಿ ಸಿಟ್ಟು ಬಂತು. ಅಂಥ ಸಾಲುಗಳನ್ನು ಬಿಟ್ಟದ್ದಕ್ಕೆ ಕವಿ ಕೃತಜ್ಞನಾಗಿರಬೇಕಿತ್ತು ಎಂಬ ಅರ್ಥದಲ್ಲಿ ಸಂಯೋಜಕ ಉತ್ತರ ಕೊಟ್ಟ. ಬಟರ್‌ವರ್ತ್ ಎಂಟೂ ನುಡಿಗಳನ್ನು ಉಳಿಸಿಕೊಂಡ, ಫುಟ್‌ಬಾಲ್ ಸಮೇತ. ಅವನ ನಿರ್ಧಾರವೇ ಸರಿ. ಆ ಸತ್ತ ಹುಡುಗ ಊರಿನವನು; ಊರಿನ ಹುಡುಗನಿಗೆ ನೇಗಿಲಿನಷ್ಟೇ ಆಟವೂ ನೆನಪಾಗುತ್ತದೆ. ಅದನ್ನು ತೆಗೆದರೆ ಉಳಿಯುವುದು ಬರೀ ಭೂತ.

ಕವಿತೆಯ ನುಡಿಗಳನ್ನು ಬಿಡುವ ಅಧಿಕಾರ ಹಾಡುವವರಿಗೆ ಇದೆಯೇ ಎಂಬ ಜಗಳ ಭಾವಗೀತೆಗಳ ನಾಡಿನವರಾದ ನಮಗೆ ಹೊಸದಲ್ಲ. ಹೌಸ್‌ಮನ್ನನ ನಿಲುವು ವಿಚಿತ್ರವಾಗಿತ್ತು. ತನ್ನ ಕವಿತೆಗಳಿಗೆ ಸಂಗೀತ ಹಾಕಲು ಕೇಳಿದವರಿಗೆಲ್ಲ ಒಂದು ಕಾಸೂ ಪಡೆಯದೆ ಅನುಮತಿ ಕೊಡುತ್ತಿದ್ದ. ಆದರೆ ಸಂಗೀತ ಅವನನ್ನು ಮುಟ್ಟುತ್ತಿದ್ದದ್ದು ಅಪರೂಪ. ಗೆಳೆಯ ಪರ್ಸಿ ವಿದರ್ಸ್ ಒಮ್ಮೆ ವಾನ್ ವಿಲಿಯಮ್ಸ್ ಹಾಡುಗಳ ಗ್ರಾಮಫೋನ್ ತಟ್ಟೆ ಹಾಕಿದಾಗ ಕವಿಯ ಮುಖದಲ್ಲಿ ಕಂಡದ್ದು ಸಂತೋಷವಲ್ಲ, ಯಾತನೆ. ಕವಿ ತನ್ನೊಳಗೆ ಕೇಳಿಸಿಕೊಂಡಿದ್ದ ದನಿ ಬೇರೆಯೇ ಇತ್ತೆಂದು ಕಾಣುತ್ತದೆ.

ಬಟರ್‌ವರ್ತ್ ಬದುಕಿಗೆ ಏನು ಮಾಡುತ್ತಿದ್ದ? ಸ್ವಲ್ಪ ಕಾಲ ‘ದಿ ಟೈಮ್ಸ್’ಗೆ ಸಂಗೀತ ವಿಮರ್ಶೆ ಬರೆದ. 1909ರಲ್ಲಿ ರ್‍ಯಾಡ್ಲಿ ಕಾಲೇಜಿನಲ್ಲಿ ಪಾಠ ಹೇಳಿದ. 1910ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್ ಸೇರಿ ಒಂದು ವರ್ಷ ತುಂಬುವ ಹೊತ್ತಿಗೆ ಬಿಟ್ಟ. ಎಲ್ಲೂ ನೆಲೆ ನಿಲ್ಲದ ಈ ಮನುಷ್ಯ ನೆಲೆ ನಿಂತದ್ದು ಕುಣಿತದಲ್ಲಿ. ಕಾಲಿಗೆ ಗೆಜ್ಜೆ ಕಟ್ಟಿ, ಕೈಯಲ್ಲಿ ಕರವಸ್ತ್ರ ಅಥವಾ ಕೋಲು ಹಿಡಿದು ಗಂಡಸರು ಗುಂಪಾಗಿ ಕುಣಿಯುವ ಮಾರಿಸ್ ಎಂಬ ಹಳ್ಳಿಕುಣಿತವನ್ನು ಶಾರ್ಪ್ ಆಗ ಊರೂರು ಸುತ್ತಿ ಬರೆದಿಡುತ್ತಿದ್ದ. 1911ರಲ್ಲಿ ಶಾರ್ಪ್ ಕಟ್ಟಿದ ಇಂಗ್ಲಿಷ್ ಜನಪದ ನೃತ್ಯ ಸಂಘದ ಪ್ರದರ್ಶನ ತಂಡದಲ್ಲಿ ಬಟರ್‌ವರ್ತ್ ಮುಂಚೂಣಿಯ ನರ್ತಕ. ‘ದಿ ಮಾರಿಸ್ ಬುಕ್’ನ ಐದನೆಯ ಭಾಗವನ್ನು 1913ರಲ್ಲಿ ಶಾರ್ಪ್ ಜೊತೆ ಸೇರಿ ಬರೆದ. ಕಿನೊರಾ ಎಂಬ ಪುಟ್ಟ ಯಂತ್ರಕ್ಕಾಗಿ 1912ರಲ್ಲಿ ತೆಗೆದ ಮೂಕ ಚಿತ್ರಗಳಲ್ಲಿ ಅವನು ಬಿಳಿ ಬಟ್ಟೆ ತೊಟ್ಟು ಕುಣಿಯುವುದನ್ನು ಇಂದಿಗೂ ನೋಡಬಹುದು. ಗಟ್ಟಿಮುಟ್ಟಾದ ಆಳು, ಭಾರೀ ಮೀಸೆ, ಹಗುರಾದ ಹೆಜ್ಜೆ.

ಚೆರಿ ಮರದ ಹಾಡು ಅವನನ್ನು ಬಿಡಲಿಲ್ಲ. ಅದರ ಮಟ್ಟನ್ನು ಬೀಜವಾಗಿಟ್ಟುಕೊಂಡು ದೊಡ್ಡ ವಾದ್ಯವೃಂದಕ್ಕೆ ‘ಎ ಶ್ರಾಪ್‌ಶೈರ್ ಲ್ಯಾಡ್’ ಎಂಬ ರಾಪ್ಸೊಡಿ ಬರೆದ. ಬರ್ಲಿನ್ ಮತ್ತು ಲೈಪ್‌ಜಿಗ್ ವಾದ್ಯವೃಂದಗಳ ಪ್ರಸಿದ್ಧ ನಿರ್ದೇಶಕ ಆರ್ಥರ್ ನಿಕಿಶ್ ಅದನ್ನು 1913ರ ಅಕ್ಟೋಬರ್ 2ರಂದು ಲೀಡ್ಸ್ ಉತ್ಸವದಲ್ಲಿ ನುಡಿಸಿದ. ಸಸೆಕ್ಸ್‌ನಲ್ಲಿ 1907ರಲ್ಲಿ ಕೇಳಿ ಬರೆದುಕೊಂಡ ‘ದಿ ಬ್ಯಾಂಕ್ಸ್ ಆಫ್ ಗ್ರೀನ್ ವಿಲೋ’ ಹಾಡಿನ ಮಟ್ಟಿನಿಂದ ಆರು ನಿಮಿಷದ ಇನ್ನೊಂದು ವಾದ್ಯಕೃತಿ ಹುಟ್ಟಿತು. 1914ರ ಫೆಬ್ರುವರಿಯಲ್ಲಿ ಅದನ್ನು ಮೊದಲು ನುಡಿಸಿದವನು ತರುಣ ವಾದ್ಯವೃಂದ ನಿರ್ದೇಶಕ ಏಡ್ರಿಯನ್ ಬೋಲ್ಟ್. ಹೆನ್ಲಿ, ಶೆಲ್ಲಿ, ವೈಲ್ಡ್, ಸ್ಟೀವನ್‌ಸನ್ ಕವಿತೆಗಳಿಗೂ ಬಟರ್‌ವರ್ತ್ ಸಂಗೀತ ಹಾಕಿದ್ದಾನೆ. ಹೆನ್ಲಿಯ ಹಾಡುಗಳು ಸೊಗಸಾಗಿವೆ, ಹೌಸ್‌ಮನ್ ಹಾಡುಗಳ ಸಾಲಿಗೆ ಬರುವುದಿಲ್ಲ.

ಗೆಳೆಯರ ಕೆಲಸಕ್ಕೂ ಅವನ ಸಮಯ ಮೀಸಲಿತ್ತು. ಸಿಂಫನಿ ಬರೆಯಬೇಕೆಂದು ವಾನ್ ವಿಲಿಯಮ್ಸ್‌ಗೆ ಹೇಳಿದವನು ಇವನೇ. ಅದರಿಂದ ಹುಟ್ಟಿದ ‘ಲಂಡನ್ ಸಿಂಫನಿ’ಯ ಹಸ್ತಪ್ರತಿ ಜರ್ಮನಿಗೆ ಹೋಗಿ 1914ರ ಯುದ್ಧದ ಗದ್ದಲದಲ್ಲಿ ಕಳೆದುಹೋದಾಗ, ವಾದಕರ ಬಿಡಿ ಹಾಳೆಗಳಿಂದ ಪೂರ್ತಿ ಕೃತಿಯನ್ನು ಮತ್ತೆ ಕಟ್ಟಲು ಕೂತ ಗೆಳೆಯರಲ್ಲಿ ಬಟರ್‌ವರ್ತನೂ ಒಬ್ಬ. ಆ ಸಿಂಫನಿ ಇಂದು ಅವನ ನೆನಪಿಗೆ ಅರ್ಪಿತವಾಗಿದೆ.

1914ರ ಆಗಸ್ಟಿನಲ್ಲಿ ಬಟರ್‌ವರ್ತ್ ಸಾಮಾನ್ಯ ಸಿಪಾಯಿಯಾಗಿ ಸೈನ್ಯ ಸೇರಿದ. ಮುಂದೆ ಡರಮ್ ಲೈಟ್ ಇನ್‌ಫೆಂಟ್ರಿಯ 13ನೆಯ ಬೆಟಾಲಿಯನ್ನಿನಲ್ಲಿ ಅಧಿಕಾರಿಯಾದ. ಅವನ ಕೈಕೆಳಗಿನವರಲ್ಲಿ ಹೆಚ್ಚಿನವರು ಡರಮ್ ಸೀಮೆಯ ಕಲ್ಲಿದ್ದಲ ಗಣಿ ಕೂಲಿಗಳು. ಹೊರಡುವ ಮೊದಲು ತನಗೆ ತೃಪ್ತಿ ಕೊಡದ ಹಸ್ತಪ್ರತಿಗಳನ್ನೆಲ್ಲ ಸುಟ್ಟುಹಾಕಿದ. 1916ರ ಜುಲೈಯಲ್ಲಿ ಪೊಜಿಯೇರ್ ಬಳಿಯ ಕಾದಾಟಕ್ಕೆ ಮಿಲಿಟರಿ ಕ್ರಾಸ್ ಪದಕ. ಒಂದು ಕಂದಕಕ್ಕೆ ಅವನ ಹೆಸರೇ ಬಿತ್ತು. ಆಗಸ್ಟ್ 5ರ ನಸುಕಿನಲ್ಲಿ ಮನ್‌ಸ್ಟರ್ ಆ್ಯಲಿ ಎಂಬ ಕಂದಕದ ಬಳಿ ಮರೆಯಿಂದ ಬಂದ ಗುಂಡಿಗೆ ಬಿದ್ದ. ವಯಸ್ಸು 31. ದೇಹ ಮತ್ತೆ ಸಿಗಲಿಲ್ಲ. ತೀಪ್‌ವಾಲ್ ಸ್ಮಾರಕದಲ್ಲಿ ಸಮಾಧಿ ಕಾಣದ 72,000ಕ್ಕೂ ಹೆಚ್ಚು ಹೆಸರುಗಳ ನಡುವೆ ಅವನದೂ ಒಂದಿದೆ. ಬ್ರಿಗೇಡಿನ ಮುಖ್ಯಸ್ಥ ಪೇಜ್ ಕ್ರಾಫ್ಟ್ ತಂದೆಗೆ ಪತ್ರ ಬರೆದಾಗ ಮಗನಿಗೆ ಪದಕ ಸಿಕ್ಕ ಸಂಗತಿ ತಂದೆಗೆ ಹೊಸದಾಗಿತ್ತು. ತನ್ನ ಅಧಿಕಾರಿ ದೇಶದ ಭರವಸೆಯ ಸಂಗೀತಗಾರರಲ್ಲಿ ಒಬ್ಬ ಎಂಬುದು ಆ ಮುಖ್ಯಸ್ಥನಿಗೆ ಹೊಸದಾಗಿತ್ತು. ಅವನು ತನ್ನ ಬಗ್ಗೆ ಎರಡು ಕಡೆಯೂ ಹೇಳಿಕೊಂಡಿರಲಿಲ್ಲ. ಮಾರಿಸ್ ತಂಡದಲ್ಲಿ ಜೊತೆಗೆ ಕುಣಿಯುತ್ತಿದ್ದ ಪರ್ಸಿವಲ್ ಲ್ಯೂಕಸ್, ಜಾರ್ಜ್ ವಿಲ್ಕಿನ್‌ಸನ್, ರೆಜಿನಾಲ್ಡ್ ಟಿಡ್ಡಿ ಮೂವರೂ ಅದೇ ಬೇಸಿಗೆಯಲ್ಲಿ ಯುದ್ಧದಲ್ಲಿ ಸತ್ತರು. ಶಾರ್ಪ್‌ನ ತಂಡ ಮತ್ತೆ ಮೊದಲಿನಂತಾಗಲಿಲ್ಲ.

ಲಡ್‌ಲೋ ಜಾತ್ರೆಯ ಹಾಡಿಗೆ ಇದಾದ ಮೇಲೆ ಯುದ್ಧದ ನೆರಳು ಅಂಟಿತು. ಆ ನೆರಳಿನಲ್ಲಿ ಕೇಳುವವರನ್ನು ದೂರುವಂತಿಲ್ಲ. ಆದರೆ ಹೌಸ್‌ಮನ್ ಕವಿತೆ ಪ್ರಕಟಿಸಿದ್ದು ಮಹಾಯುದ್ಧಕ್ಕೆ ಹದಿನೆಂಟು ವರ್ಷ ಮೊದಲು, ಬಟರ್‌ವರ್ತ್ ಹಾಡು ಕಟ್ಟಿದ್ದು ಮೂರು ವರ್ಷ ಮೊದಲು. ಹಾಡು ಕಟ್ಟಿದವನಿಗೆ ಆ ಹುಡುಗರು ಸಿಪಾಯಿಗಳಲ್ಲ, ಜಾತ್ರೆಗೆ ಬಂದವರು. ಹಾಗೆಯೇ ಹಾಡಿದಾಗ ಹಾಡು ಹೆಚ್ಚು ಆಳಕ್ಕೆ ಇಳಿಯುತ್ತದೆ. ಬ್ರಿನ್ ಟರ್ಫೆಲ್ 1995ರಲ್ಲಿ ಮಾಲ್ಕಮ್ ಮಾರ್ಟಿನೋ ಪಿಯಾನೊ ಜೊತೆ ಧ್ವನಿಮುದ್ರಿಸಿದ ಆರು ಹಾಡುಗಳು ಸುಲಭವಾಗಿ ಸಿಗುತ್ತವೆ. ರಾಡರಿಕ್ ವಿಲಿಯಮ್ಸ್ ಹಾಡಿದ್ದು ಇನ್ನೂ ಸರಳ. ಕೇಳಬೇಕೆನ್ನುವವರು ಮೊದಲು ಸಸೆಕ್ಸ್‌ನ ಹನ್ನೊಂದು ಹಾಡುಗಳಲ್ಲಿ ಎರಡು ಮೂರನ್ನಾದರೂ ಕೇಳಿ, ಆಮೇಲೆ ಹೌಸ್‌ಮನ್ ಹಾಡುಗಳಿಗೆ ಬರುವುದು ಒಳ್ಳೆಯದು.

ಅವನ ಸಂಗೀತದ ಹಸ್ತಪ್ರತಿಗಳು ವಾನ್ ವಿಲಿಯಮ್ಸ್ ಕೈಸೇರಿದವು. ತಂದೆ 1918ರಲ್ಲಿ ಮಗನ ದಿನಚರಿ, ಪತ್ರಗಳನ್ನು ಸೇರಿಸಿ ಒಂದು ಸ್ಮರಣ ಸಂಪುಟವನ್ನು ಖಾಸಗಿಯಾಗಿ ಅಚ್ಚು ಹಾಕಿಸಿದರು. ಹಳ್ಳಿಗಳಲ್ಲಿ ಬರೆದುಕೊಂಡ ಹಾಡಿನ ಹಾಳೆಗಳು ಲಂಡನ್ನಿನ ಸೆಸಿಲ್ ಶಾರ್ಪ್ ಹೌಸ್‌ನಲ್ಲಿರುವ ವಾನ್ ವಿಲಿಯಮ್ಸ್ ಸ್ಮಾರಕ ಗ್ರಂಥಾಲಯದಲ್ಲಿವೆ. ಯಾರು ಬೇಕಾದರೂ ಅವುಗಳ ಚಿತ್ರಗಳನ್ನು ಇಂದು ಅಂತರ್ಜಾಲದಲ್ಲಿ ಹಣ ಕೊಡದೆ ನೋಡಬಹುದು. ಪೆನ್ಸಿಲಿನಲ್ಲಿ ಗೀಚಿದ ಮಟ್ಟು, ಅದರ ಬದಿಯಲ್ಲಿ ಹಾಡಿದವರ ಹೆಸರು, ಊರು, ತಿಂಗಳು.